ಪಾಸಿನ ಅವಧಿ, ಮಗುವಿನ ವಯಸ್ಸು

ದೀಪಾವಳಿಯ ರಜೆ ಬಂತೆಂದರೆ ಸೋಲಾಪುರ, ಸಾಂಗಲಿ, ಬೆಳಗಾವಿಗಳ ಕಡೆಯಿಂದ ಸಾಧರ್ಮಿ ಕುಟುಂಬಗಳು ನಮ್ಮ ವಿಜಯಪುರಕ್ಕೆ ಬರುತ್ತವೆ. ಮನೆಯ ಯಜಮಾನನ ಕಿಸೆಯಲ್ಲೊಂದು ಪಟ್ಟಿ ಇರುತ್ತದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನು, ಮಲಿಕ್-ಎ-ಮೈದಾನ್ ತೋಪು, ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ದರ್ಶನ, ಅಲ್ಲಿಂದ ಟಿಕೋಟಾ ಮಾರ್ಗವಾಗಿ ಬಾಬಾನಗರ, ಸಂಜೆಗೆ ಬಬಲೇಶ್ವರದ ಬೀಗರ ಮನೆ. ಇಷ್ಟೂ ಒಂದೇ ದಿನದಲ್ಲಿ ಆಗಬೇಕು. ಸಂಗಡ ನಾಲ್ಕು ವರ್ಷದ್ದೊಂದು, ಏಳು ವರ್ಷದ್ದೊಂದು ಮಗು. ನಗರ ನೋಡುವುದರಲ್ಲಿ ಧರ್ಮಾಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಒಂದು ಕಾಲಕ್ಕೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಮಹಾರಾಷ್ಟ್ರದ ಸರಕಾರಿ ಬಸ್ಸುಗಳಲ್ಲಿ ‘ಆವಡೇಲ ತೇಥೇ ಪ್ರವಾಸ’ ಎಂಬ ಪಾಸು ಗಡಿಭಾಗದ ನಮಗೆಲ್ಲ ಪರಿಚಿತವಾದದ್ದು. ನಾಲ್ಕು ದಿನದ್ದು, ಏಳು ದಿನದ್ದು ಎಂದು ಎರಡು ಬಗೆ. ಒಮ್ಮೆ ಹಣ ಕಟ್ಟಿದರೆ ಆ ಅವಧಿಯಲ್ಲಿ ಮನಸ್ಸು ಬಂದಲ್ಲಿ ಹತ್ತಬಹುದು, ಮನಸ್ಸು ಬಂದಲ್ಲಿ ಇಳಿಯಬಹುದು. 5 ರಿಂದ 12 ವರ್ಷದ ಮಕ್ಕಳಿಗೆ ಅರ್ಧ ದರ. 1998ರಲ್ಲಿ ನಾನು ಸೋಲಾಪುರದಲ್ಲಿ ಏಳು ದಿನದ ಪಾಸು ಮಾಡಿಸಿದೆ. ನಾವಿಬ್ಬರು, ಮಗ, ಮಗಳು. ಮಗನಿಗೆ ಹನ್ನೆರಡು ತುಂಬಿ ನಾಲ್ಕು ತಿಂಗಳಾಗಿತ್ತು. ಅರ್ಜಿಯ ವಯಸ್ಸಿನ ಕಾಲಮಿನಲ್ಲಿ ‘11’ ಎಂದು ಬರೆದೆ. ಕೈ ನಡುಗಲಿಲ್ಲ. ಎಲ್ಲರೂ ಬರೆಯುತ್ತಾರೆ ಎಂಬುದೇ ಸಮಾಧಾನ.

ಕುಂಥಲಗಿರಿಗೆ ಹೋದೆವು. ಕುಲಭೂಷಣ, ದೇಶಭೂಷಣ ಮುನಿಗಳ ಸಿದ್ಧಕ್ಷೇತ್ರ. 1955ರಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರು ಸಲ್ಲೇಖನದಿಂದ ದೇಹ ತ್ಯಜಿಸಿದ ಪುಣ್ಯಭೂಮಿ. ಅಲ್ಲಿ ಎರಡು ದಿನ ನಿಲ್ಲುವ ಆಸೆ ನನ್ನ ಹೆಂಡತಿಗಿತ್ತು. ಪಾಸಿನ ದಿನಗಳು ಓಡುತ್ತಿವೆ ಎಂದು ನಾನು ಅವಸರಿಸಿದೆ. ಮುಂದೆ ಎಲ್ಲೋರಾ. 30 ರಿಂದ 34ನೆಯ ಗುಹೆಗಳು ನಮ್ಮವು. ಅವು ಉತ್ತರದ ತುದಿಯಲ್ಲಿವೆ. ನಾನು ದಕ್ಷಿಣದ ಮೊದಲ ಗುಹೆಯಿಂದಲೇ ಆರಂಭಿಸಿದೆ. ಬಂದ ಮೇಲೆ ಎಲ್ಲವನ್ನೂ ನೋಡಬೇಕಷ್ಟೆ. ಇಂದ್ರಸಭೆ ತಲುಪುವ ಹೊತ್ತಿಗೆ ಏಳು ವರ್ಷದ ಮಗಳು ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಯಾವುದಕ್ಕಾಗಿ ಅಷ್ಟು ದೂರ ಬಂದಿದ್ದೆವೋ ಅದನ್ನು ಅವಳು ನೋಡಲೇ ಇಲ್ಲ. ಮರಳುವಾಗ ದೌಲತಾಬಾದಿನ ಕೋಟೆಯೂ ಆಯಿತು. ವಸತಿಗೆ ಬಂದಾಗ ಕತ್ತಲಾಗಿತ್ತು. ತಾಯಿ ಬುತ್ತಿ ಬಿಚ್ಚಿ ರೊಟ್ಟಿ ಮುಂದಿಟ್ಟಳು. ಮಗು ಕೈ ಹಿಂದೆ ತೆಗೆದುಕೊಂಡು, “ಹೊತ್ತು ಮುಳುಗ್ಯದವ್ವ, ನಾ ಉಣ್ಣೂದಿಲ್ಲ” ಎಂದಿತು. ಮನೆಯಲ್ಲಿ ನಾವೇ ಕಲಿಸಿದ ನಿಯಮ. ಎಷ್ಟು ಹೇಳಿದರೂ ಕೇಳದೆ ನೀರು ಕುಡಿದು ಮಲಗಿತು.

ಆ ರಾತ್ರಿ ಮಗ ನನ್ನ ಪಕ್ಕದಲ್ಲಿ ಮಲಗಿ ಕೇಳಿದ: “ಅಪ್ಪಾ, ನಾಳೆ ಬಸ್ಸಿನ್ಯಾಗ ಕೇಳಿದ್ರ ನನಗ ಎಷ್ಟು ವಯಸ್ಸಂತ ಹೇಳ್ಲಿ?”

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿದ್ದಾರೆ. ಸ್ವಾಧ್ಯಾಯದಲ್ಲಿ ಅವನ್ನು ಬಾಯಿಪಾಠ ಒಪ್ಪಿಸಿದವನು ನಾನು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ಅಂದರೆ ಸುಳ್ಳು ಬರಹ. ಅಚೌರ್ಯದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು. ಕೊಳ್ಳುವಾಗ ಒಂದು ತೂಕ, ಕೊಡುವಾಗ ಇನ್ನೊಂದು ತೂಕ ಇಡುವುದು. ಅಂಗಡಿಯ ತಕ್ಕಡಿಯ ವಿಷಯದಲ್ಲಿ ನಾನು ಎಂದೂ ಹಾಗೆ ಮಾಡಿದವನಲ್ಲ. ಆ ಹೆಮ್ಮೆಯೂ ಇತ್ತು. ಆದರೆ ಮಗನ ವಯಸ್ಸನ್ನು ಶಾಲೆಗೊಂದು, ಬಸ್ಸಿಗೊಂದು ಮಾಡಿದಾಗ ಇಟ್ಟದ್ದು ಎರಡು ತೂಕದ ಕಲ್ಲುಗಳನ್ನಲ್ಲದೆ ಮತ್ತೇನು?

ಸುಳ್ಳಿನದು ಒಂದು ಬಾಬತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಮಗಳ ಹಸಿವು. ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯ ಎರಡನ್ನು ವಿವರಿಸುವಾಗ ನಾವು ಸಾಮಾನ್ಯವಾಗಿ ಎತ್ತು, ಕುದುರೆಗಳ ಮಾತಾಡುತ್ತೇವೆ: ಮಿತಿಮೀರಿ ಹೊರೆ ಹೇರಬಾರದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡಬೇಕು. ನಮ್ಮ ಊರಿನ ಟಾಂಗಾದ ಕುದುರೆಯನ್ನು ಕಂಡು ಮರುಗುವವರು ನಾವು. ಕಾಲು ಸೋತರೂ ಹೇಳಿಕೊಳ್ಳಲಾರದೆ ತಂದೆಯ ಬೆರಳು ಹಿಡಿದು ನಡೆಯುವ ಮಗು ಆ ವಾಕ್ಯದೊಳಗೆ ಬರುತ್ತದೆಂದು ನಮಗೆ ತೋರುವುದೇ ಇಲ್ಲ. ರಾತ್ರಿಭೋಜನ ತ್ಯಾಗ ಹುಟ್ಟಿದ್ದು ಅಹಿಂಸೆಗಾಗಿ. ನನ್ನ ವೇಳಾಪಟ್ಟಿಯಿಂದಾಗಿ ಅದೇ ನಿಯಮ ಒಂದು ಮಗುವನ್ನು ಉಪವಾಸ ಮಲಗಿಸಿತು. ವ್ರತ ಪಾಲಿಸಿದ್ದು ಮಗು, ಅತಿಚಾರ ನನ್ನದು.

ಹೀಗೇಕಾಯಿತು? ಉತ್ತರ ವಾಣಿಜ್ಯದ ಮೊದಲ ಪಾಠಗಳಲ್ಲೇ ಇದೆ. ಮರಳಿ ಬಾರದ ಖರ್ಚನ್ನು ಮುಂದಿನ ನಿರ್ಧಾರದ ಲೆಕ್ಕಕ್ಕೆ ಹಿಡಿಯಬಾರದು. ಪಾಸಿನ ಹಣ ಕಟ್ಟಿಯಾಗಿತ್ತು. ಹತ್ತು ಊರು ನೋಡಿದರೂ ಎರಡು ಊರು ನೋಡಿದರೂ ಅದು ಮರಳುವುದಿಲ್ಲ. ಆದರೆ ‘ವಸೂಲಾಗಬೇಕು’ ಎಂಬ ಒಂದು ಮಾತು ತಲೆಯಲ್ಲಿ ಕೂತಿತೆಂದರೆ ಲೆಕ್ಕ ಬಲ್ಲವನ ಬುದ್ಧಿಯೂ ಮಂಕಾಗುತ್ತದೆ. ಪರಿಗ್ರಹವೆಂದರೆ ತಿಜೋರಿಯ ವಸ್ತುವಷ್ಟೇ ಅಲ್ಲ. ನೋಡಿದ ಸ್ಥಳಗಳ ಸಂಖ್ಯೆಯೂ ಸಂಗ್ರಹವೇ. ದಿಗ್ವ್ರತ, ದೇಶವ್ರತಗಳಲ್ಲಿ ಶ್ರಾವಕನು ತಾನು ಹೋಗುವ ದಿಕ್ಕಿಗೂ ದೂರಕ್ಕೂ ತಾನೇ ಎಲ್ಲೆ ಹಾಕಿಕೊಳ್ಳುತ್ತಾನೆ. ಪಾಸು ಹೇಳುವುದು ಎಲ್ಲೆ ಇಲ್ಲವೆಂದು.

ಆದರೆ ಪಾಸನ್ನೇ ಬೈಯುವುದು ನ್ಯಾಯವಲ್ಲ. ಮಗು ಅತ್ತಲ್ಲಿ ಇಳಿದು, ಮರದ ನೆರಳಲ್ಲಿ ಕೂತು, ಮುಂದಿನ ಬಸ್ಸಿಗೆ ಹತ್ತುವ ಸ್ವಾತಂತ್ರ್ಯವನ್ನು ಕೊಡುವುದೂ ಅದೇ ಕಾಗದ. ಬಿಡಿ ಟಿಕೇಟು ತೆಗೆಸಿದವನಿಗೆ ಆ ಅನುಕೂಲವಿಲ್ಲ. ಮಧ್ಯಮ ವರ್ಗದ ಕುಟುಂಬ ಕ್ಷೇತ್ರದರ್ಶನ ಮಾಡಲು ಅದೊಂದು ದೊಡ್ಡ ಆಸರೆ. ನಾನು ಅದರ ಹತ್ತುವ ಹಕ್ಕನ್ನು ಮಾತ್ರ ಬಳಸಿದೆ, ಇಳಿಯುವ ಹಕ್ಕನ್ನು ಬಳಸಲಿಲ್ಲ.

ಉಳಿದದ್ದು ಪ್ರಾಯಶ್ಚಿತ್ತದ ಪ್ರಶ್ನೆ. ಕುಂಭೋಜ ಬಾಹುಬಲಿಯ ಕಾಣಿಕೆ ಪೆಟ್ಟಿಗೆಯಲ್ಲಿ ಅರ್ಧ ಪಾಸಿನ ವ್ಯತ್ಯಾಸವನ್ನು ಹಾಕಿಬಿಡುವ ಯೋಚನೆ ಮೊದಲು ಬಂತು. ಸುಲಭ, ಮೇಲಾಗಿ ಪುಣ್ಯದ ಬಣ್ಣವೂ ಇದೆ. ಬೇಡವೆನಿಸಿತು. ಸಾಲ ಒಬ್ಬರದು, ದಾನ ಇನ್ನೊಬ್ಬರಿಗೆ ಎಂದರೆ ಯಾವ ಖಾತೆಯೂ ಮುಟ್ಟುವುದಿಲ್ಲ. ಉಳಿದ ದಿನಗಳಲ್ಲಿ ಮಗನಿಗೆ ಪೂರ್ತಿ ಟಿಕೇಟು ತೆಗೆಸುತ್ತ ಬಂದೆ, ವ್ಯತ್ಯಾಸದ ಮೊತ್ತ ತೀರುವವರೆಗೆ. ಕಾರಣವನ್ನು ಅವನಿಗೂ ಹೇಳಿದೆ. ಬಸದಿಗಳ ಟ್ರಸ್ಟಿನವರು ಈ ಮಾತನ್ನು ದಯವಿಟ್ಟು ಗಮನಿಸಬೇಕು. ಇಂಥ ಹಣ ನಮ್ಮ ಹುಂಡಿಗಳಿಗೆ ಎಷ್ಟು ಬರುತ್ತದೋ!

ಟ್ರಸ್ಟುಗಳಿಗೆ ಇನ್ನೂ ಒಂದು ವಿನಂತಿ. ಯಾತ್ರೆಯ ಬಸ್ಸು ಹೊರಡಿಸುವಾಗ ಕ್ಷೇತ್ರಗಳ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುತ್ತೇವೆ. ದಿನಕ್ಕೆ ಎರಡು ಕ್ಷೇತ್ರ ಸಾಕು. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಅಡುಗೆ ಸಿದ್ಧವಾಗುವ ಊರಿನಲ್ಲಿಯೇ ತಂಗಬೇಕು. ವಯಸ್ಸಿನ ಮಾತೂ ಅಷ್ಟೆ. ರೈಲಿನಲ್ಲಿ 5ರವರೆಗೆ ಉಚಿತ; ನಮ್ಮ ರಾಜ್ಯದ ಬಸ್ಸುಗಳಲ್ಲಿ 6ರವರೆಗೆ ಉಚಿತ, 12ರವರೆಗೆ ಅರ್ಧ; ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ 15ರವರೆಗೆ ಪ್ರವೇಶ ಉಚಿತ. ಸರಕಾರ ಇಷ್ಟು ಉದಾರವಾಗಿರುವಾಗ ಇನ್ನೂ ಒಂದು ವರ್ಷ ಕದಿಯುವುದೇಕೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಂಗಿಲ್ಲ. ಈಗ ಸುಳ್ಳು ಹೇಳುವ ಭಾರವೆಲ್ಲ ಗಂಡುಮಕ್ಕಳ ಮೇಲೆ ಬಿದ್ದಿದೆ.

ಕಳೆದ ಚಳಿಗಾಲದಲ್ಲಿ ಮಗ ತನ್ನ ಆರು ವರ್ಷದ ಹುಡುಗನನ್ನು ಗೋಳಗುಮ್ಮಟಕ್ಕೆ ಕರೆದೊಯ್ದ; ನಾನೂ ಹೋಗಿದ್ದೆ. ಮೂಲೆಯ ಗೋಪುರದ ಏಳು ಅಂತಸ್ತನ್ನು ಕೂತು ಕೂತು ಹತ್ತಿದೆವು. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಮೊಮ್ಮಗ ಒಂದು ಪಕ್ಕದ ಗೋಡೆಗೆ ಬಾಯಿ ಹಚ್ಚಿ ತನ್ನ ಹೆಸರು ಹೇಳಿದ, ಎದುರು ಪಕ್ಕದಲ್ಲಿ ಅವನಪ್ಪ ಕಿವಿಗೊಟ್ಟು ನಿಂತ. ಮತ್ತೆ ಅವನಪ್ಪ ಹೇಳಿದ, ಇವನು ಕೇಳಿದ. ಗಂಟೆ ಹನ್ನೊಂದಾಯಿತು. ಇಬ್ರಾಹಿಂ ರೋಜಾ ಬಾಕಿ ಇದೆ ಎಂದು ನನ್ನ ಬಾಯಿಗೆ ಬಂದಿತ್ತು, ಸುಮ್ಮನಾದೆ. ಹುಡುಗನಿಗೆ ಹಸಿವಾದಾಗ ಕೆಳಗಿಳಿದು ಹೊರಗಿನ ಹುಲ್ಲಿನ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಂಡೆವು. ರೋಜಾವನ್ನು ಅವನು ಇನ್ನೂ ನೋಡಿಲ್ಲ.