ಹೆತ್ತದ್ದೆಷ್ಟು, ಉಳಿದದ್ದೆಷ್ಟು

ಹಳೆಯ ಕಾಲದ ಅಜ್ಜಿಯರನ್ನು ಮಕ್ಕಳೆಷ್ಟು ಎಂದು ಕೇಳಿದರೆ ಎರಡು ಲೆಕ್ಕ ಕೊಡುತ್ತಿದ್ದರು. ಹೆತ್ತದ್ದು ಹತ್ತು, ಉಳಿದದ್ದು ಐದು. ಮಳೆ-ಬೆಳೆಯ ಸುದ್ದಿ ಹೇಳುವಷ್ಟೇ ಸಹಜವಾಗಿ ಹೇಳಿ, ಎಲೆಗೆ ಸುಣ್ಣ ಸವರಿಕೊಳ್ಳುತ್ತಿದ್ದರು. ಉಳಿಯದ ಆ ಐದರ ಹೆಸರು ಯಾವ ವಂಶವೃಕ್ಷದಲ್ಲೂ ಇಲ್ಲ. ಕೆಲವಕ್ಕೆ ಹೆಸರಿಡುವಷ್ಟು ಹೊತ್ತೂ ಸಿಕ್ಕಿರಲಿಲ್ಲ.

ನೂರು ವರ್ಷದಲ್ಲಿ ಬದುಕು ಹೇಗೆ ಬದಲಾಯಿತು ಎಂಬ ಮಾತು ಬಂದಾಗೆಲ್ಲ ನಾವು ವಿದ್ಯುದ್ದೀಪ, ನಲ್ಲಿ, ಬಸ್ಸು, ಮೊಬೈಲು ಎನ್ನುತ್ತೇವೆ. ನನಗೆ ಅವೆಲ್ಲಕ್ಕಿಂತ ದೊಡ್ಡ ಬೆರಗು, ತೊಟ್ಟಿಲ ಬಳಿಯಿಂದ ಎದ್ದುಹೋದ ಆ ಭಯ. ಇಲ್ಲವಾದದ್ದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಯಾರೂ ಅದನ್ನು ನೆನೆಯುವುದಿಲ್ಲ.

1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಬೆಳೆಯುವುದಿರಲಿ, ಕೊಂಚ ಇಳಿದೇಬಿಟ್ಟಿತ್ತು. 1918ರ ಇನ್‌ಫ್ಲುಯೆಂಜಾ, ಪ್ಲೇಗು, ಬರ ಎಲ್ಲ ಸೇರಿ ಬಂದ ದಶಕ ಅದು. ಆಗ ಹುಟ್ಟಿದ 1000 ಕೂಸುಗಳಲ್ಲಿ ಸುಮಾರು 200 ಮೊದಲ ವರ್ಷ ದಾಟುತ್ತಿರಲಿಲ್ಲ. 2020ರ ಹೊತ್ತಿಗೆ ಕರ್ನಾಟಕದಲ್ಲಿ ಆ ಸಂಖ್ಯೆ 20ರ ಆಸುಪಾಸಿಗೆ ಇಳಿದಿತ್ತು. ಅದನ್ನೂ ಕಡಿಮೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮಕ್ಕಳು ನಿಲ್ಲದ ಮನೆಗಳಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಳ್ಳುವುದಿತ್ತು. ಬೇಡವೆಂದು ಬಿಸಾಕಿದ್ದನ್ನು ಸಾವು ಮುಟ್ಟಲಾರದು ಎಂಬ ಆಸೆ. ಊರಿನ ತಿಪ್ಪಯ್ಯ, ತಿಪ್ಪಮ್ಮರಲ್ಲಿ ಎಷ್ಟೋ ಜನ ಹಾಗೆ ಹೆಸರು ಪಡೆದವರು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಿಡುಬು, ನಾಯಿಕೆಮ್ಮು, ದಡಾರ, ಧನುರ್ವಾಯು ಬಾಗಿಲಲ್ಲಿ ನಿಂತಿರುವಾಗ ಆ ತಾಯಿಯ ಕೈಯಲ್ಲಿ ಇದ್ದದ್ದು ಅಷ್ಟೇ.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದರು. ಹನ್ನೆರಡು ಹೆತ್ತ ಆ ತಾಯಿಯ ನಾಲ್ಕು ಮಕ್ಕಳು ಎಳವೆಯಲ್ಲೇ ತೀರಿಕೊಂಡವು. ಅಂಥ ಕೈಗುಣಕ್ಕೂ ಒಂದು ಎಲ್ಲೆ ಇತ್ತು. ಆ ಎಲ್ಲೆಯನ್ನು ಆಚೆಗೆ ಸರಿಸಿದ್ದು ಸಣ್ಣ ಸಣ್ಣ ಸಂಗತಿಗಳು: ಹೊಕ್ಕುಳಬಳ್ಳಿ ಕತ್ತರಿಸಲು ಹೊಸ ಬ್ಲೇಡು, ಬಸುರಿಗೆ ಧನುರ್ವಾಯುವಿನ ಚುಚ್ಚುಮದ್ದು, ಭೇದಿಯಾದ ಕೂಸಿಗೆ ಉಪ್ಪು-ಸಕ್ಕರೆ ಬೆರೆಸಿದ ನೀರು. ಸಿಡುಬು 1975ರಲ್ಲಿ ಈ ದೇಶ ಬಿಟ್ಟುಹೋಯಿತು; ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರದ್ದು.

ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ಅದನ್ನು ತಂದ ನೀಲಿ ಡಬ್ಬಿಯ ಹತ್ತಿರ ನಿಂತು ನೋಡಬೇಕು. ಒಳಗೆ ಐಸ್‌ಪ್ಯಾಕುಗಳ ನಡುವೆ ಹೆಬ್ಬೆರಳಷ್ಟು ಉದ್ದದ ಸೀಸೆ. ಅದರ ಮೇಲೊಂದು ಪುಟ್ಟ ವೃತ್ತ, ವೃತ್ತದೊಳಗೆ ತೆಳುಬಣ್ಣದ ಚೌಕ. ಸೀಸೆಗೆ ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಸುತ್ತಲಿನ ವೃತ್ತದ ಬಣ್ಣಕ್ಕೆ ಬಂತೆಂದರೆ ಆ ಲಸಿಕೆ ಹಾಕುವಂತಿಲ್ಲ. ಕಾರ್ಖಾನೆಯಿಂದ ಈ ಹಳ್ಳಿಯವರೆಗೆ ದಾರಿಯಲ್ಲಿ ಎಷ್ಟು ಬಿಸಿ ತಗುಲಿತು ಎಂಬುದನ್ನು ಸಾಸಿವೆಯಷ್ಟು ಬಣ್ಣ ನೆನಪಿಟ್ಟುಕೊಂಡು ಬಂದಿರುತ್ತದೆ! ನರ್ಸ್ ಸೀಸೆಯನ್ನು ಬೆಳಕಿಗೆ ಹಿಡಿದು, ಚೌಕ ನೋಡಿ, ಕೂಸಿನ ಬಾಯಿಗೆ ಹನಿ ಬಿಡುತ್ತಾರೆ. ತೊಡೆಗೆ ಸೂಜಿ ಚುಚ್ಚಿದಾಗ ಬೀದಿಯೇ ಕೇಳುವಂತೆ ಒಂದು ಅಳು. ಆಮೇಲೆ ತಾಯಿ ಕಾರ್ಡಿನಲ್ಲಿ ತಾರೀಖು.

ಮೂರೂವರೆ ತಿಂಗಳ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದ ಹುಡುಗಿಗೆ ನರ್ಸ್, "ಇನ್ನು ಒಂಬತ್ತು ತಿಂಗಳು ತುಂಬಿದಾಗ ದಡಾರದ್ದು" ಎಂದರು.

"ಅಷ್ಟೊತ್ತಿಗೆ ನಾನು ಗಂಡನ ಮನೇಲಿರ್ತೀನಲ್ಲ ಅಕ್ಕಾ, ಅಲ್ಲೇ ಹಾಕಿಸ್ಬೌದಾ?" ಅವಳಿಗಿದ್ದ ಅನುಮಾನ ಊರಿನದಷ್ಟೇ.