ದಾರಿ ನೋಡಿಕೊಳ್ಳುವವರು

ಮರಳೂರಿನ ನಮ್ಮ ಬೀದಿಗೆ ಜರ್ಮನಿ ಈಗ ದೂರದ ದೇಶವಲ್ಲ. ಒಬ್ಬರ ಮಗ ಮ್ಯೂನಿಕ್‌ನಲ್ಲಿದ್ದಾನೆ, ಇನ್ನೊಬ್ಬರ ಸೊಸೆಗೆ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ. ಅಲ್ಲಿ ಚಳಿ ಕಳೆಯಿತೆಂದರೆ ಇಲ್ಲಿಂದ ಅಪ್ಪ ಅಮ್ಮಂದಿರು ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಂಡು ಹೊರಡುತ್ತಾರೆ. ವೀಸಾದ 90 ದಿನ ಮುಗಿಸಿ ಬಂದಾಗ ಕೋಟೆ, ಕಾರು ಕಾರ್ಖಾನೆ, ರೈಲುಗಳ ಸುದ್ದಿ ಹೇಳುತ್ತಾರೆ. ನಾವೂ ಮಗಳ ಮನೆಗೆಂದು ಸ್ಟುಟ್‌ಗಾರ್ಟ್‌ಗೆ ಹೋಗಿ ಬಂದೆವು. ಅಳಿಯ ಮೊದಲು ಟ್ಯೂಬಿಂಗೆನ್ ತೋರಿಸಿದ. 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಅವರು 1903ರಲ್ಲಿ ಕೊನೆಯುಸಿರೆಳೆದದ್ದು ಆ ಊರಲ್ಲಿ. ಆ ಪುಣ್ಯಾತ್ಮರ ವಿಷಯ ಬರೆಯಲು ಇಷ್ಟು ಜಾಗ ಸಾಲದು. ಆದರೆ ಊರಿಗೆ ಮರಳಿದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವುದು ಅಲ್ಲಿನ ಹಳ್ಳಿಗಾಡಿನ ಒಂದು ಕಾಲುದಾರಿ.

ಫೋರ್ಟ್ಸ್‌ಹೈಮ್ ಎಂಬ ಊರಿನಿಂದ ಹೊರಟು, ಬ್ಲ್ಯಾಕ್ ಫಾರೆಸ್ಟ್ ಉದ್ದಕ್ಕೂ ಹಾಯ್ದು, ಸ್ವಿಟ್ಜರ್ಲೆಂಡಿನ ಬಾಸೆಲ್ ಮುಟ್ಟುವ ದಾರಿ ಅದು. ಬಾಸೆಲ್ ಮಿಷನ್ನಿನ ಹೆಸರು ಕೇಳದ ಕನ್ನಡ ಓದುಗರಿಲ್ಲ; ಅದೇ ಬಾಸೆಲ್. ಉದ್ದ ಸುಮಾರು 285 ಕಿಲೋಮೀಟರ್, ಗುರುತು ಹಾಕಿದ್ದು 1900ರಲ್ಲಿ, ಹೆಸರು ವೆಸ್ಟ್‌ವೇಗ್. ನಾವು ನಡೆದದ್ದು ಅದರ ಆರಂಭದ ಒಂದು ತುಂಡು ಮಾತ್ರ. ಬಿಳಿ ಹಲಗೆಯ ಮೇಲೆ ಕೆಂಪು ವಜ್ರಾಕೃತಿಯೇ ಅದರ ಗುರುತು. ಮೊಮ್ಮಗ ಮುಂದೆ ಓಡಿ ಮರ ಮರವನ್ನೂ ಹುಡುಕಿ ‘ಸಿಕ್ತು ತಾತಾ’ ಎಂದು ಕೂಗುತ್ತಿದ್ದ. ದಾರಿ ಕವಲೊಡೆದಲ್ಲೆಲ್ಲ ಗುರುತು ಇತ್ತು. ಒಂದು ತಿರುವಿನಲ್ಲಿ ವಯಸ್ಸಾದವರೊಬ್ಬರು ಹಲಗೆಗೆ ಹಿಡಿದ ಪಾಚಿಯನ್ನು ಉಜ್ಜಿ ತೆಗೆಯುತ್ತಿದ್ದರು. ಪಕ್ಕದಲ್ಲಿ ಕೈಚೀಲ, ಒಂದು ಕತ್ತರಿ. ಸರ್ಕಾರದ ನೌಕರರಿರಬೇಕು ಎಂದುಕೊಂಡೆ. ಅಳಿಯ ಮಾತಾಡಿಸಿದ ಮೇಲೆ ಗೊತ್ತಾಯಿತು, ಅವರು ನಿವೃತ್ತ ಮೇಷ್ಟ್ರು. ಆ ದಾರಿಯ ಕೆಲವು ಕಿಲೋಮೀಟರ್ ಅವರ ಪಾಲಿನದು. ಚಿಗುರು ಕಾಲದಲ್ಲೊಮ್ಮೆ, ಎಲೆ ಉದುರುವ ಕಾಲದಲ್ಲೊಮ್ಮೆ ನಡೆದು ನೋಡುತ್ತಾರೆ, ಅಡ್ಡ ಬಂದ ರೆಂಬೆ ಕತ್ತರಿಸುತ್ತಾರೆ. ಸಂಬಳವಿಲ್ಲ. 1864ರಲ್ಲಿ ಹುಟ್ಟಿದ ಅಲ್ಲಿನ ನಡಿಗೆಗಾರರ ಸಂಘವೊಂದು ಇಂಥವರನ್ನು ನೆಚ್ಚಿಕೊಂಡೇ ಸುಮಾರು 24,000 ಕಿಲೋಮೀಟರ್ ಕಾಲುದಾರಿಯನ್ನು ನೋಡಿಕೊಳ್ಳುತ್ತಿದೆ.

ಇನ್ನೊಂದು ಸಂಗತಿ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು. ಜರ್ಮನಿಯ ಕಾಡಿನಲ್ಲಿ ಸುಮಾರು ಅರ್ಧ ಭಾಗ ಖಾಸಗಿಯವರದು. ಆದರೂ 1975ರ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿ ಅಡ್ಡಾಡುವ ಹಕ್ಕು ಎಲ್ಲರಿಗೂ ಉಂಟು. ಕಾಲು ಜಾರಿ ಬಿದ್ದರೆ ಅದರ ಹೊಣೆ ನಡೆಯುವವನದೇ. ಹೊಲಗಳ ನಡುವಿನ ದಾರಿಗಳೂ ನಡೆಯುವವರಿಗೆ ತೆರೆದಿವೆ, ಆದರೆ ಪೈರು ಇರುವಾಗ ಹೊಲದೊಳಗೆ ಕಾಲಿಡುವಂತಿಲ್ಲ. ಗೋಧಿ ಹೊಲದ ಅಂಚಿನಲ್ಲಿ ಮಕ್ಕಳು, ಮುದುಕರು, ನಾಯಿ ಹಿಡಿದವರು ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುವುದನ್ನು ಕಂಡೆ. ಟ್ರ್ಯಾಕ್ಟರ್ ಮೇಲಿದ್ದ ರೈತ ಕೈಯೆತ್ತಿ ನಮಸ್ಕಾರ ಹೇಳಿದ. ತನ್ನ ಬೆಳೆ ತುಳಿಯುವುದಿಲ್ಲವೆಂಬ ಭರವಸೆ ಅವನಿಗೆ, ತಮ್ಮನ್ನು ತಡೆಯುವುದಿಲ್ಲವೆಂಬ ಭರವಸೆ ಇವರಿಗೆ. ಕಾಯ್ದೆ ಇದನ್ನು ಬರೆದಿಟ್ಟಿರಬಹುದು. ದಿನದಿನವೂ ಉಳಿಸಿಕೊಂಡು ಬಂದದ್ದು ಈ ಪರಸ್ಪರ ದಾಕ್ಷಿಣ್ಯ ಎಂದೇ ನನ್ನ ಎಣಿಕೆ.

ನಮ್ಮ ಕಡೆ ಇದು ಇಲ್ಲದ ಗುಣವೇನಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ಸೀಮೆಯ ಹುಲಿಕಲ್ಲಿಗೆ ಸೊಸೆಯಾಗಿ ಹೋದ ತಿಮ್ಮಕ್ಕನವರನ್ನು ನೆನೆಯಿರಿ. ಗಂಡ ಚಿಕ್ಕಯ್ಯನವರೊಡನೆ ಬಿಂದಿಗೆಯಲ್ಲಿ ನೀರು ಹೊತ್ತು, ದನಕರು ತಿನ್ನದಂತೆ ಮುಳ್ಳು ಕಟ್ಟಿ, ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ 385 ಆಲದ ಮರ ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಸಸಿಗೆ ನೀರು ಹೊರುತ್ತಿದ್ದ ಕಾಲದಲ್ಲಿ ಅವರ ಮುಂದೆ ಯಾವ ಪ್ರಶಸ್ತಿಯೂ ಇರಲಿಲ್ಲ. ರಸ್ತೆ ಅವರದಲ್ಲ, ನೆರಳು ದಾರಿಹೋಕರದು. ಆದರೆ ಈಗ ನಮ್ಮ ಜಿಲ್ಲೆಯ ಯಾವುದೇ ಗ್ರಾಮದ ನಕಾಶೆ ಬಿಚ್ಚಿ ನೋಡಿ. ಬಂಡಿದಾರಿ, ಕಾಲುದಾರಿಗಳು ಚುಕ್ಕೆಗೆರೆಗಳಾಗಿ ಕಾಣುತ್ತವೆ. ನೆಲದ ಮೇಲೆ ಹುಡುಕಲು ಹೋದರೆ ಎಷ್ಟೋ ಕಡೆ ಅಡಿಕೆ ತೋಟದ ತಂತಿಬೇಲಿ ಎದುರಾಗುತ್ತದೆ, ಇಲ್ಲವೇ ಹೊಸ ಲೇಔಟಿನ ಕಾಂಪೌಂಡು. ದಾರಿಯ ತಕರಾರು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಮಾತೇ ನಿಂತಿರುತ್ತದೆ. ಬೇಲಿ ಹಾಕಿದವರನ್ನಷ್ಟೇ ದೂರಿ ಫಲವಿಲ್ಲ. ದಾರಿ ಎಂಬುದು ಮನೆಯಂಗಳದ ಹಾಗೆ, ಗುಡಿಸುವವರು ಕೈಬಿಟ್ಟರೆ ಹುಲ್ಲು ಬೆಳೆಯುತ್ತದೆ. ನಾವೆಲ್ಲ ಸ್ಕೂಟರ್ ಹತ್ತಿ ನಡೆಯುವುದನ್ನು ಬಿಟ್ಟೆವು. ಯಾರೂ ತುಳಿಯದ ನೆಲವನ್ನು ಪಕ್ಕದವನು ಉತ್ತುಕೊಂಡ.

ಮರಳೂರು ಕೆರೆಯ ಕಡೆ ಬೆಳಗಿನ ನಡಿಗೆಗೆ ಬರುವ ನಾವು ಕೆಲವರು ಈಗ ಮಾತಾಡಿಕೊಂಡಿದ್ದೇವೆ. ಮಳೆ ಬಿಟ್ಟ ಮೇಲೆ ಭಾನುವಾರಗಳಂದು ಮಚ್ಚು, ಕುಡುಗೋಲು ಹಿಡಿದು ಒಂದೊಂದೇ ದಾರಿಯ ಲಂಟಾನ ಸವರುವುದು. ಜಮೀನಿನವರಿದ್ದರೆ ಮೊದಲು ಅವರ ಮನೆಗೆ ಹೋಗಿ ಕೂತು ಮಾತಾಡಿ, ಅವರು ಒಪ್ಪಿದ ಮೇಲೆಯೇ ಕೆಲಸಕ್ಕೆ ಇಳಿಯುವುದು. ನಿಮ್ಮ ಊರಲ್ಲೂ ಇಂಥ ದಾರಿ ಇದ್ದೀತು. ಹೊಳೆಗೆ, ಗುಡ್ಡದ ಗುಡಿಗೆ, ಪಕ್ಕದ ಹಳ್ಳಿಯ ಶಾಲೆಗೆ ಎಲ್ಲಿ ಹಾಯ್ದು ಹೋಗುತ್ತಿದ್ದೆವೆಂದು ಬಲ್ಲ ಹಿರಿಯರು ಇನ್ನೂ ಜಗಲಿಯ ಮೇಲೆ ಕೂತಿದ್ದಾರೆ. ಅವರನ್ನು ಮುಂದೆ ಬಿಟ್ಟುಕೊಂಡು, ಶಾಲೆಗೆ ಹೋಗುವ ಮಕ್ಕಳನ್ನೂ ಕರೆದುಕೊಂಡು, ಒಂದು ಸಲ ನಡೆದು ಬನ್ನಿ.