ಹೆಚ್ಚಾದ ಅಕ್ಕಿ

ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕತೆ ನಮಗೆಲ್ಲ ಗೊತ್ತಿರುವುದೇ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಹೆಂಡತಿ ಲಕ್ಕಮ್ಮ ಅದನ್ನು ಬೇಯಿಸಿ ಜಂಗಮ ದಾಸೋಹ ನಡೆಸುತ್ತಿದ್ದಳು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಅಟ್ಟಿದಳು. ಇದನ್ನು ನಾವು ಮಕ್ಕಳಿಗೆ ದುರಾಸೆಯ ಪಾಠವಾಗಿ ಹೇಳುತ್ತೇವೆ. ಆದರೆ ಮಾರಯ್ಯ ಆ ಅಕ್ಕಿ ಮಾರಿ ಬಂಗಾರ ಮಾಡಿಸಲು ಹೊರಟವನೇನಲ್ಲ. ಇನ್ನೂ ನಾಲ್ಕು ಜನ ಉಣ್ಣಲಿ ಎಂದು ಅವನು ಧಾರಾಳವಾಗಿ ವಾದಿಸಬಹುದಿತ್ತು. ಲಕ್ಕಮ್ಮನ ಹೆಚ್ಚುಗಾರಿಕೆ ಇರುವುದು ಅಲ್ಲಿ: ದಾಸೋಹದ ಹೆಸರಿನಲ್ಲಿ ಬಂದ ಹೆಚ್ಚಳವನ್ನೂ ಅವಳು ಅನುಮಾನದಿಂದಲೇ ನೋಡಿದಳು.

ಸಮಾಜಕ್ಕೆ ಏನಾದರೂ ಮಾಡಬೇಕೆಂದು ಉದ್ಯಮ ಕಟ್ಟುವವರನ್ನು ಕಂಡಾಗಲೆಲ್ಲ ನನಗೆ ಲಕ್ಕಮ್ಮ ನೆನಪಾಗುತ್ತಾಳೆ. ನೇಕಾರರಿಗೆ ಮಾರುಕಟ್ಟೆ, ಹಳ್ಳಿಗೆ ಸೋಲಾರ್ ದೀಪ, ರೈತನಿಗೆ ನ್ಯಾಯವಾದ ಬೆಲೆ, ಹೀಗೆ ಒಬ್ಬೊಬ್ಬರದು ಒಂದೊಂದು ಕನಸು. ಬರೀ ಲಾಭಕ್ಕೆ ಅಂಗಡಿ ಇಟ್ಟವನು ರಾತ್ರಿ ಒಂಬತ್ತಕ್ಕೆ ಶಟರ್ ಎಳೆದು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ಇವರಿಗೆ ಆ ಭಾಗ್ಯವಿಲ್ಲ. ಭಾನುವಾರ ಮಲಗಿದರೆ ಯಾರದೋ ಪಾಲನ್ನು ಕದ್ದ ಹಾಗೆ ಅನ್ನಿಸುತ್ತದೆ. 2023ರಲ್ಲಿ ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶವೆಲ್ಲ ಜಗಳಕ್ಕೆ ನಿಂತಿತು. ಅದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಗಂಟೆ, ಹಾಗಾಗಿ ಜಗಳವಾಡಬಹುದಿತ್ತು. ತಾನೇ ತನ್ನ ಮೇಲೆ ಹೇರಿಕೊಂಡ 90 ಗಂಟೆಯ ಬಗ್ಗೆ ದೂರು ಕೊಡುವುದಾದರೂ ಯಾರಿಗೆ? ಹೆಂಡತಿಯೋ ಗಂಡನೋ ಮಗುವೋ ಗೊಣಗಿದರೆ ಅವರೇ ಸ್ವಾರ್ಥಿಗಳಾಗಿ ಕಾಣುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಮದುರೈನ ಅರವಿಂದ ಕಣ್ಣಾಸ್ಪತ್ರೆಯನ್ನು ಕಟ್ಟಿದ ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರ ಬದುಕು ಈ ವಿಷಯದಲ್ಲಿ ಎರಡು ಬಗೆಯಾಗಿ ಮಾತಾಡುತ್ತದೆ. ಹುಟ್ಟಿದ್ದು 1918ರಲ್ಲಿ. ಹೆರಿಗೆ ವೈದ್ಯರಾಗಬೇಕೆಂದಿದ್ದವರನ್ನು ಮೂವತ್ತರ ಆಸುಪಾಸಿನಲ್ಲಿ ಸಂಧಿವಾತ ಹಿಡಿದು ಹಾಸಿಗೆಗೆ ಕೆಡವಿತು, ಬೆರಳುಗಳು ಸೊಟ್ಟಗಾದವು. ಅದೇ ಬೆರಳಲ್ಲಿ ಕತ್ತರಿ, ಚಾಕು ಹಿಡಿಯುವುದನ್ನು ಮತ್ತೆ ಕಲಿತು ಕಣ್ಣಿನ ವೈದ್ಯರಾದರು. 1976ರಲ್ಲಿ, 58ನೇ ವಯಸ್ಸಿಗೆ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ, 11 ಹಾಸಿಗೆಗಳ ಆಸ್ಪತ್ರೆ ತೆರೆದರು. ದುಡ್ಡು ಕೊಡಬಲ್ಲವರು ಕೊಟ್ಟದ್ದರಲ್ಲಿ ಕೊಡಲಾರದವರಿಗೆ ಉಚಿತ ಚಿಕಿತ್ಸೆ.

ಅವರು ಮದುವೆಯಾಗಲಿಲ್ಲ. ತಮ್ಮ, ತಂಗಿ, ಅವರ ಗಂಡ, ಹೆಂಡತಿ ಎಲ್ಲರೂ ಅದೇ ಆಸ್ಪತ್ರೆಯಲ್ಲಿ ದುಡಿದರು. ಮನೆ ಎಲ್ಲಿ ಮುಗಿದು ಆಸ್ಪತ್ರೆ ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಇದನ್ನು ತ್ಯಾಗ ಎಂದು ಕೊಂಡಾಡುವ ಭಾಷಣಗಳಿಗೆ ಬರವಿಲ್ಲ. ಸೊಸೆಯಾಗಿ ಬಂದವರನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡುವುದಿಲ್ಲ. ಈ ಅರ್ಧವನ್ನು ಮಾದರಿ ಎಂದು ಶಿಫಾರಸು ಮಾಡಲು ನನಗೆ ಮನಸ್ಸಿಲ್ಲ.

ಇನ್ನರ್ಧ ಬೇರೆ ತರಹದ್ದು. ಅರವಿಂದದ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ಒಬ್ಬ ವೈದ್ಯರಿಗೆ ಎರಡು ಮೇಜು. ಒಂದರ ಮೇಲೆ ಪೊರೆ ತೆಗೆಯುವಷ್ಟರಲ್ಲಿ ಇನ್ನೊಂದರ ಮೇಲಿನ ರೋಗಿ ಸಿದ್ಧ. ಸಿದ್ಧಪಡಿಸುವವರು ಹಳ್ಳಿಗಳಿಂದ ಬಂದು ಅಲ್ಲಿಯೇ ತರಬೇತಿ ಪಡೆದ ಹೆಣ್ಣುಮಕ್ಕಳು. ವೈದ್ಯರೇ ಮಾಡಬೇಕಾದದ್ದನ್ನಷ್ಟೇ ವೈದ್ಯರಿಗೆ ಬಿಟ್ಟರು. ಹೀಗಾಗಿ ಅಲ್ಲಿನ ಒಬ್ಬ ವೈದ್ಯ ವರ್ಷಕ್ಕೆ ಸುಮಾರು 2000 ಶಸ್ತ್ರಚಿಕಿತ್ಸೆ ಮಾಡಬಲ್ಲ. ಗಂಟೆಗಳನ್ನು ಎಷ್ಟೇ ಹಿಗ್ಗಿಸಿದರೂ ಒಂಟಿ ಮೇಜಿನಲ್ಲಿ ಆ ಸಂಖ್ಯೆ ಬರುವುದಿಲ್ಲ. 1992ರಲ್ಲಿ ಕಣ್ಣಿನೊಳಗಿನ ಲೆನ್ಸುಗಳನ್ನು ತಾವೇ ಅಗ್ಗದಲ್ಲಿ ತಯಾರಿಸಲು ಆರೋಲ್ಯಾಬ್ ಶುರು ಮಾಡಿದರು. ಸೊಟ್ಟ ಬೆರಳಿನ ಮನುಷ್ಯನಿಗೆ ತನ್ನ ಮೈಯನ್ನೇ ನಂಬಿ ಕೂರುವ ಸೌಕರ್ಯ ಇರಲಿಲ್ಲವಲ್ಲ, ವ್ಯವಸ್ಥೆಯನ್ನು ನಂಬಲೇಬೇಕಿತ್ತು. 2006ರಲ್ಲಿ ಅವರು ತೀರಿಕೊಂಡರು, ಆಸ್ಪತ್ರೆ ಬೆಳೆಯುತ್ತಲೇ ಹೋಯಿತು.

ನಮ್ಮ ಯುವ ಉದ್ಯಮಿಗಳು ಸಮತೋಲನ ಎಂದರೆ ಯೋಗ ಶಿಬಿರ, ಮೊಬೈಲ್ ಆ್ಯಪ್, ವರ್ಷಕ್ಕೊಮ್ಮೆ ಕೂರ್ಗು ಎಂದುಕೊಳ್ಳುತ್ತಾರೆ. ಹೋಗಿ ಬರಲಿ, ತಪ್ಪೇನಿಲ್ಲ. ವಾಪಸು ಬಂದ ಸೋಮವಾರ ಪ್ರತಿ ಬಿಲ್ಲಿಗೂ ಅವರದೇ ಸಹಿ ಬೇಕು, ಪ್ರತಿ ಫೋನೂ ಅವರಿಗೇ ಬರಬೇಕು ಎಂದಾದರೆ ಕೂರ್ಗಿನ ತಂಪು ಎಷ್ಟು ದಿನ ಉಳಿದೀತು? ತಾನಿಲ್ಲದಿದ್ದರೆ ನಡೆಯದು ಎನ್ನುವುದರಲ್ಲಿ ಸಂಕಟದಷ್ಟೇ ಸುಖವೂ ಇದೆ. ಆ ಸುಖವನ್ನು ಬಿಡುವುದೇ ಕಷ್ಟ.

ಬಿಡುವನ್ನು ಕೆಲಸದ ಒಳಗೇ ಹೊಲಿದ ಇನ್ನೊಂದು ಉದ್ಯಮ ಲಿಜ್ಜತ್ ಪಾಪಡ್. 1959ರ ಮಾರ್ಚ್ 15ರಂದು ಮುಂಬೈನ ಗಿರಗಾಂವ್‌ನಲ್ಲಿ ಏಳು ಗೃಹಿಣಿಯರು 80 ರೂಪಾಯಿ ಸಾಲದಿಂದ ಕಟ್ಟಿದ್ದು. ಅಲ್ಲಿ ಹೆಂಗಸರು ಬೆಳಿಗ್ಗೆ ಕಲಸಿದ ಹಿಟ್ಟು ಒಯ್ದು ಮನೆಯಲ್ಲಿ ಲಟ್ಟಿಸಿ ಒಣಗಿಸುತ್ತಾರೆ, ಮರುದಿನ ಹಪ್ಪಳ ಒಪ್ಪಿಸಿ ಮತ್ತೆ ಹಿಟ್ಟು ಒಯ್ಯುತ್ತಾರೆ. ಇದನ್ನು ಸ್ವರ್ಗ ಎಂದು ಬಣ್ಣಿಸಬೇಕಿಲ್ಲ. ಅಡುಗೆ, ಪಾತ್ರೆ, ಮಕ್ಕಳ ಶಾಲೆ ಮುಗಿಸಿದ ಕೈ ಲಟ್ಟಣಿಗೆ ಹಿಡಿಯುತ್ತದೆ, ಗಂಡ ಪೇಪರು ಓದುತ್ತಿರುತ್ತಾನೆ. ಆದರೂ ಎಷ್ಟು ಹಿಟ್ಟು ಒಯ್ಯಬೇಕೆಂಬುದು ತನ್ನ ಕೈಲಾಗುವುದನ್ನು ನೋಡಿ ಅವಳೇ ಮಾಡುವ ಲೆಕ್ಕ. ಮಗುವಿಗೆ ಜ್ವರ ಬಂದ ದಿನ ಕಡಿಮೆ ಒಯ್ದರೆ ಕೂಲಿಯೂ ಅಷ್ಟೇ ಕಡಿಮೆ. ರಜೆ ಚೀಟಿ ಬರೆಯುವ ಮಾತಿಲ್ಲ.